ವೇದಾವತಿಯ ನೀರು, ತುಂಗಭದ್ರೆಯ ದೋಣಿ ಕಾಲುವೆ



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಾದ ನಮಗೆ ದೋಣಿ, ಬಂದರಿನ ಮಾತು ಯಾಕೆ ಎಂದು ನೀವು ನಗಬಹುದು. ನಮ್ಮ ವೇದಾವತಿಯಲ್ಲಿ ವರ್ಷದ ಬಹುಪಾಲು ಮರಳೇ ಕಾಣೋದು. ಆದರೆ ಈ ಹೊಳೆ ಆಂಧ್ರದ ಗಡಿ ದಾಟಿ, ಹಗರಿ ಎಂಬ ಹೆಸರಿನಿಂದ ಬಳ್ಳಾರಿ ಸೀಮೆಯಲ್ಲಿ ಹರಿದು ತುಂಗಭದ್ರೆಗೆ ಸೇರುತ್ತದೆ. ಆ ತುಂಗಭದ್ರೆಯ ದಾರಿಯಲ್ಲಿ ಕಾರವಾರದ ಕಡಲಿಗೆ ದೋಣಿ ಓಡಿಸುವ ಲೆಕ್ಕಾಚಾರ ಒಂದು ಕಾಲಕ್ಕೆ ನಡೆದಿತ್ತು.

ಲೆಕ್ಕ ಹಾಕಿದವರು ಗೋದಾವರಿಗೆ ಅಣೆಕಟ್ಟೆ ಕಟ್ಟಿಸಿದ ಸರ್ ಆರ್ಥರ್ ಕಾಟನ್. ರೈಲಿಗಿಂತ ನೀರಿನ ಸಾಗಾಟ ಅಗ್ಗ, ಅದೇ ಕಾಲುವೆ ಹೊಲಕ್ಕೂ ಆಗುತ್ತದೆ ಎಂಬುದು ಅವರ ವಾದ. ಹತ್ತಿ ಸಾಗಿಸಲು ಕಾರವಾರ ಬಂದರು ಬೆಳೆಸಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದ್ದೂ ಅದೇ ಕಾಲದಲ್ಲಿ.

ಆಮೇಲೆ ಮದ್ರಾಸ್ ಇರಿಗೇಷನ್ ಕಂಪನಿ 1863ರಿಂದ 1870ರೊಳಗೆ ಕರ್ನೂಲಿನ ಹತ್ತಿರದ ಸುಂಕೇಸುಲದಿಂದ ಕಡಪದವರೆಗೆ ಸುಮಾರು 190 ಮೈಲಿ ಕಾಲುವೆ ತೋಡಿತು. ಅದರ 10 ಲಕ್ಷ ಪೌಂಡ್ ಬಂಡವಾಳಕ್ಕೆ ಶೇಕಡಾ 5ರಂತೆ ಬಡ್ಡಿ, ಲಾಭ ಬಂದರೂ ಬಾರದಿದ್ದರೂ ಸರ್ಕಾರದ ಖಾತ್ರಿ. (ನಮ್ಮ ಸಂಘದ ಷೇರುದಾರರಿಗೆ ಅಂಥ ಖಾತ್ರಿ ಯಾರು ಕೊಟ್ಟಾರು!)

ತೊಡಕು ಇದ್ದದ್ದು ನೀರಿನಲ್ಲೇ. ದೋಣಿಗೆ ಕಾಲುವೆಯ ನೀರು ಇಳಿಯಬಾರದು; ಪೈರಿಗೆ ಅದೇ ನೀರು ತೂಬಿನಿಂದ ಹೊಲಕ್ಕೆ ಹೋಗಬೇಕು. ಮೇಲೆ ನೀರು ಕೂಡಿಡುವ ಜಲಾಶಯ ಇಲ್ಲ, ಬೇಸಿಗೆಯಲ್ಲಿ ಹೊಳೆಯೇ ಸೊರಗಿದರೆ ಎರಡಕ್ಕೂ ಇಲ್ಲ. ಎರೆಭೂಮಿ ರೈತರು ಮಳೆ ಆದ ವರ್ಷ ಕಾಸು ಕೊಟ್ಟು ನೀರು ಯಾಕೆ ಅಂದ್ರು. ಧಾತು-ಈಶ್ವರ ಬರದಲ್ಲಿ, ಅಂದರೆ 1876-78ರಲ್ಲಿ, ಅದೇ ನೀರಿಗೆ ಮುಗಿಬಿದ್ದರು. ನಷ್ಟದ ಕಂಪನಿಯಿಂದ 1882ರಲ್ಲಿ ಸರ್ಕಾರವೇ ಕಾಲುವೆ ಕೊಂಡುಕೊಂಡಿತು. ಕಾರವಾರದ ಕಡೆಯ ಕಾಲುವೆ ಆಗಲೇ ಇಲ್ಲ. 1880ರ ದಶಕದಲ್ಲಿ ಗೋವಾದ ಮರ್ಮಗೋವಾ ಬಂದರಿಗೆ ರೈಲು ಹಾಕಿದರು. ಬರದ ವಿಷಯದಲ್ಲಿ ಕಾಟನ್ ಸಾಹೇಬರ ಮಾತು ಸರಿಯೇ ಇತ್ತು. ದೋಣಿ ಬಾಡಿಗೆಯ ಆಸೆಗಿಂತ ಮೊದಲು ನೀರು ನಿಲ್ಲಿಸಬೇಕಿತ್ತು ಅಂತ ನಮ್ಮ ಅಭಿಪ್ರಾಯ.

ಮೈಸೂರು ಸರ್ಕಾರ ಮಾಡಿದ್ದು ಅದನ್ನೇ. ನಮ್ಮ ವೇದಾವತಿಗೇ ಅಡ್ಡವಾಗಿ ಮಾರಿಕಣಿವೆಯಲ್ಲಿ ಕಟ್ಟೆ ಹಾಕಿ 1907ರಲ್ಲಿ ಮುಗಿಸಿತು, 30 ಟಿಎಂಸಿ ಹಿಡಿಯುವ ವಾಣಿವಿಲಾಸ ಸಾಗರ. ಅದಾದರೂ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 89 ವರ್ಷ ಕಳೆದು 2022ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಭದ್ರೆಯ ನೀರನ್ನೂ ಅದಕ್ಕೆ ತಿರುಗಿಸಲಾಗಿತ್ತು. ಆ ಕೋಡಿಯ ನೀರು ಹಿರಿಯೂರು ದಾಟಿ ನಮ್ಮ ಚಳ್ಳಕೆರೆ ತಾಲ್ಲೂಕಿನ ಮರಳಿನ ಮೇಲೆ ಹರಿಯಿತು.