ಟ್ರಯಲ್ ಸಾಫ್ಟ್‌ವೇರ್ ಕಳಪೆ, ದುಬಾರಿಯದ್ದು ಸುರಕ್ಷಿತ: ಈ ನಂಬಿಕೆ ಎಷ್ಟು ನಿಜ?

‘ಫ್ರೀ ಟ್ರಯಲ್ ಕೊಡುವ ಸಾಫ್ಟ್‌ವೇರ್‌ನಲ್ಲಿ ವೈರಸ್ ಇರುತ್ತದೆ, ದುಡ್ಡು ಕೊಟ್ಟು ಕೊಂಡದ್ದು ಮಾತ್ರ ಸೇಫ್’ ಎಂಬ ಮಾತನ್ನು ನೀವೂ ಕೇಳಿರಬಹುದು. ಅದರ ಜೊತೆಗೇ ‘ಪ್ರೀಮಿಯಂ ಆ್ಯಪ್ ಪುಕ್ಕಟೆ, ಇಲ್ಲಿ ಒತ್ತಿ’ ಎಂಬ ಲಿಂಕ್‌ಗಳೂ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುತ್ತವೆ. ಈ ಎರಡನ್ನೂ ನಾವು ಪರಿಶೀಲಿಸಿದೆವು. ಚಿಕ್ಕದಾಗಿ ಹೇಳುವುದಾದರೆ, ಬೆಲೆ ನೋಡಿ ಗುಣಮಟ್ಟ ಹೇಳಲಾಗದು. ತಯಾರಿಸಿದವರು ಯಾರು, ದೋಷ ಕಂಡಾಗ ಸರಿಪಡಿಸುತ್ತಾರೆಯೇ, ನೀವು ಎಲ್ಲಿಂದ ಇಳಿಸಿಕೊಂಡಿರಿ ಎಂಬುದೇ ಮುಖ್ಯ.

ಶೇರ್‌ವೇರ್ ಎಂದರೇನು?

ಮೊದಲು ಬಳಸಿ ನೋಡಿ, ಉಪಯೋಗವಾದರೆ ಹಣ ಕೊಡಿ ಎಂಬ ಪದ್ಧತಿಯಲ್ಲಿ ಮಾರುವ ಸಾಫ್ಟ್‌ವೇರ್ ಇದು. 1982ರಲ್ಲಿ ಅಮೆರಿಕದ ಆ್ಯಂಡ್ರೂ ಫ್ಲೂಗಲ್‌ಮನ್ ‘ಪಿಸಿ-ಟಾಕ್’ ಅನ್ನೂ ಜಿಮ್ ನಾಫ್ ‘ಪಿಸಿ-ಫೈಲ್’ ಅನ್ನೂ ಹೀಗೆ ಹಂಚಿದರು. ‘ಶೇರ್‌ವೇರ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದವರು ಬಾಬ್ ವ್ಯಾಲೇಸ್. ಅವರ ‘ಪಿಸಿ-ರೈಟ್’ಗೆ ನೋಂದಣಿ ಶುಲ್ಕ 75 ಡಾಲರ್. ನೀವು ಹಂಚಿದ ಪ್ರತಿಯಿಂದ ಇನ್ನೊಬ್ಬರು ನೋಂದಾಯಿಸಿದರೆ ನಿಮಗೆ 25 ಡಾಲರ್ ಸಿಗುತ್ತಿತ್ತು.

ಶೇರ್‌ವೇರ್ ಬೇರೆ, ಪೂರ್ತಿ ಉಚಿತವಾದ ಫ್ರೀವೇರ್ ಬೇರೆ. ಒಳಗಿನ ಕೋಡ್ ಎಲ್ಲರಿಗೂ ತೆರೆದಿರುವ ವಿಎಲ್‌ಸಿಯಂಥ ಓಪನ್ ಸೋರ್ಸ್ ತಂತ್ರಾಂಶವೂ ಬೇರೆ.

ಕಡಿಮೆ ಬೆಲೆ ಎಂದರೆ ಕಳಪೆಯೇ?

ಅಲ್ಲ. ಜಿಪ್ ಫೈಲ್ ಮಾದರಿ 1989ರಲ್ಲಿ ಬಂದದ್ದು ಫಿಲ್ ಕಾಟ್ಜ್ ಅವರ ‘ಪಿಕೆಜಿಪ್’ ಎಂಬ ಶೇರ್‌ವೇರ್‌ನಿಂದ. ಇಂದು ನಿಮ್ಮ ಆ್ಯಂಡ್ರಾಯ್ಡ್ ಫೋನಿನ ಎಪಿಕೆ ಫೈಲ್ ಕೂಡ ಒಳಗೆ ಜಿಪ್ ಮಾದರಿಯದ್ದೇ. 1993ರ ಪ್ರಸಿದ್ಧ ಆಟ ‘ಡೂಮ್’ನ ಮೊದಲ ಭಾಗವೂ ಶೇರ್‌ವೇರ್ ಆಗಿಯೇ ಹಂಚಿಕೆಯಾಯಿತು.

ಕನ್ನಡದಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’ ಹಲವು ವರ್ಷ ಉಚಿತವಾಗಿತ್ತು, ನಂತರ ಅದಕ್ಕೆ ಶುಲ್ಕ ಬಂತು. ಎಷ್ಟೋ ಜನ ಕಂಪ್ಯೂಟರಿನಲ್ಲಿ ಮೊದಲ ಬಾರಿ ಕನ್ನಡ ಟೈಪ್ ಮಾಡಿದ್ದು ಅದರಲ್ಲೇ.

ಹಾಗಾದರೆ ದೋಷವೇ ಇಲ್ಲವೇ?

ಇದೆ. ವಿನ್‌ರಾರ್‌ನ ಟ್ರಯಲ್ 40 ದಿನ. ಆಮೇಲೂ ಅದು ಕೆಲಸ ಮಾಡುವುದರಿಂದ ಉಚಿತ ಎಂದು ಅನೇಕರು ತಿಳಿದಿದ್ದಾರೆ. ಆದರೆ ಷರತ್ತಿನ ಪ್ರಕಾರ ಕೊಳ್ಳಬೇಕು, ಇಲ್ಲವೇ ತೆಗೆದುಹಾಕಬೇಕು. 2019ರಲ್ಲಿ ಅದರಲ್ಲಿ ಸುಮಾರು 19 ವರ್ಷ ಹಳೆಯದಾದ ಭದ್ರತಾ ದೋಷವೊಂದನ್ನು ಚೆಕ್ ಪಾಯಿಂಟ್ ಸಂಸ್ಥೆ ಬಯಲಿಗೆ ತಂದಿತು. ಕಂಪನಿ ಅದನ್ನು ಸರಿಪಡಿಸಿತು. ಆದರೆ ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಹೊಸ ಆವೃತ್ತಿ ಹಾಕಿಕೊಳ್ಳದವರಿಗೆ ಅಪಾಯ ಹಾಗೇ ಉಳಿಯಿತು.

ದುಬಾರಿಯದ್ದೂ ಕೈಕೊಡುತ್ತದೆ. 2024ರ ಜುಲೈ 19ರಂದು, ದೊಡ್ಡ ಕಂಪನಿಗಳು ಹಣ ತೆತ್ತು ಬಳಸುವ ಕ್ರೌಡ್‌ಸ್ಟ್ರೈಕ್ ಭದ್ರತಾ ಸಾಫ್ಟ್‌ವೇರ್‌ನ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರುಗಳು ನಿಂತುಹೋದವು. ಮೈಕ್ರೋಸಾಫ್ಟ್ ಅಂದಾಜಿನಂತೆ ಅವುಗಳ ಸಂಖ್ಯೆ 85 ಲಕ್ಷ. ಭಾರತದಲ್ಲೂ ಕೆಲವು ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು.

ನಿಜವಾದ ಅಪಾಯ ಎಲ್ಲಿದೆ?

‘ಕ್ರ್ಯಾಕ್’, ‘ಮಾಡ್ ಎಪಿಕೆ’ ಎಂದು ಬರುವ ಪ್ರತಿಗಳಲ್ಲಿ. ಲೈಸೆನ್ಸ್ ಕೇಳದಂತೆ ಮಾಡಲು ಯಾರೋ ಮೂಲ ಫೈಲನ್ನೇ ತಿದ್ದಿರುತ್ತಾರೆ. ಲೈಸೆನ್ಸ್ ತೆಗೆಯುವಾಗ ಇನ್ನೇನು ಸೇರಿಸಿದ್ದಾರೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ತಿದ್ದಿದ ಎಪಿಕೆಯಲ್ಲಿ ಮೂಲ ತಯಾರಕರ ಡಿಜಿಟಲ್ ಸಹಿ ಉಳಿಯದ ಕಾರಣ ಅದರ ಮೇಲೆ ಅಧಿಕೃತ ಅಪ್‌ಡೇಟ್ ಕೂರುವುದಿಲ್ಲ. ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಇದ್ದರಂತೂ ಅಲ್ಲಿಗೇ ಬಿಟ್ಟುಬಿಡಿ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕ್ ಆ್ಯಪ್ ಇದೆ, ಒಟಿಪಿ ಬರುವುದೂ ಅಲ್ಲಿಗೇ.

ಹಳೆಯ ಶೇರ್‌ವೇರ್‌ಗೂ ಇಂದಿನ ಮೊಬೈಲ್ ಟ್ರಯಲ್‌ಗೂ ಒಂದು ವ್ಯತ್ಯಾಸವಿದೆ. ಆಗ ಇಷ್ಟವಾದ ಮೇಲೆ ನೀವಾಗಿ ಹಣ ಕಳಿಸಬೇಕಿತ್ತು. ಈಗ ಅನೇಕ ಆ್ಯಪ್‌ಗಳು ಮೊದಲೇ ಕಾರ್ಡ್ ಅಥವಾ ಯುಪಿಐ ಆಟೋಪೇ ಒಪ್ಪಿಗೆ ಪಡೆದು, ಟ್ರಯಲ್ ಮುಗಿದೊಡನೆ ಹಣ ಕಡಿತ ಮಾಡುತ್ತವೆ. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ವಿಭಾಗಕ್ಕೆ ಹೋಗಿ ನೀವೇ ರದ್ದು ಮಾಡಬೇಕು.

ಫಾರ್ವರ್ಡ್ ಮಾಡುವ ಮುನ್ನ

• ಲಿಂಕ್ ತಯಾರಕರ ಸ್ವಂತ ಜಾಲತಾಣದ್ದೋ, ಪ್ಲೇ ಸ್ಟೋರ್‌ನದ್ದೋ ನೋಡಿ.
• ಕೊನೆಯ ಅಪ್‌ಡೇಟ್ ಯಾವಾಗ ಬಂದಿದೆ ಎಂದು ನೋಡಿ.
• ಟಾರ್ಚ್ ಆ್ಯಪ್ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿದರೆ ಕೊಡಬೇಡಿ.
• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ‘ಟ್ರಯಲ್ ಎಂದರೆ ವೈರಸ್, ದುಬಾರಿ ಎಂದರೆ ಸೇಫ್’ ಎಂಬುದು ತಪ್ಪು ಕಲ್ಪನೆ. ದುಡ್ಡು ಉಳಿಸಬೇಕೆಂದರೆ ವಿಎಲ್‌ಸಿಯಂಥ ಉಚಿತ ತಂತ್ರಾಂಶವನ್ನು ಅದರ ಮೂಲ ತಾಣದಿಂದಲೇ ಪಡೆಯಿರಿ. ಕ್ರ್ಯಾಕ್ ಲಿಂಕ್ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ.