ಆಂಟೆನಾ ತೂತಿನಿಂದ ಎಚ್‌ಡಿಎಂಐವರೆಗೆ

1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಕ್ಲೈವ್ ಸಿಂಕ್ಲೇರ್ ಮಾರುಕಟ್ಟೆಗೆ ಬಿಟ್ಟ ‘ಝಡ್‌ಎಕ್ಸ್ ಸ್ಪೆಕ್ಟ್ರಮ್’ ಕಂಪ್ಯೂಟರಿಗೆ ತನ್ನದೇ ಆದ ಪರದೆ ಇರಲಿಲ್ಲ. 16 ಕೆ ಮೆಮೊರಿಯ ಯಂತ್ರಕ್ಕೆ 125 ಪೌಂಡ್, 48 ಕೆ ಯಂತ್ರಕ್ಕೆ 175 ಪೌಂಡ್. ಆ ಬೆಲೆಯಲ್ಲಿ ಮಾನಿಟರನ್ನೂ ಸೇರಿಸಿ ಕೊಡುವುದು ಆಗದ ಮಾತು. ಡಬ್ಬದಲ್ಲಿ ಇದ್ದದ್ದು ಒಂದು ಕೇಬಲ್. ಅದನ್ನು ಮನೆಯ ಟಿವಿಯ ಆಂಟೆನಾ ತೂತಿಗೆ ಸಿಕ್ಕಿಸಿ, ಟ್ಯೂನಿಂಗ್ ಗುಂಡಿಯನ್ನು 36ನೇ ಚಾನೆಲ್ಲಿನ ಆಸುಪಾಸಿಗೆ ತಿರುಗಿಸುತ್ತ ಹೋದರೆ, ಗಿಜಿಗುಡುವ ಚುಕ್ಕಿಗಳು ಕರಗಿ ಪರದೆಯ ತಳದಲ್ಲಿ ಸಿಂಕ್ಲೇರ್ ಕಂಪನಿಯ ಹೆಸರಿನ ಸಾಲು ಮೂಡುತ್ತಿತ್ತು.

ಟಿವಿಯ ಪಾಲಿಗೆ ಆ ಕಂಪ್ಯೂಟರ್ ಇನ್ನೊಂದು ಪ್ರಸಾರ ಕೇಂದ್ರ, ಅಷ್ಟೆ. ಕಂಪ್ಯೂಟರಿನೊಳಗೆ ಬಣ್ಣ ಬೇರೆ, ಬೆಳಕು ಬೇರೆ ಇರುತ್ತಿದ್ದವು. ಅವೆರಡನ್ನೂ ಒಂದೇ ಸಂಕೇತವಾಗಿ ಬೆರೆಸಿ, ಆ ಸಂಕೇತವನ್ನು ರೇಡಿಯೊ ತರಂಗದ ಮೇಲೆ ಕೂರಿಸಿ ಟಿವಿಗೆ ಕಳಿಸಬೇಕಿತ್ತು. ಟಿವಿ ಅದನ್ನು ಇಳಿಸಿಕೊಂಡು, ಮತ್ತೆ ಬಣ್ಣ ಮತ್ತು ಬೆಳಕಾಗಿ ಬೇರ್ಪಡಿಸಬೇಕಿತ್ತು. ಹೀಗೆ ಬೆರೆಸಿ ಬಿಡಿಸುವ ಪ್ರತಿ ಹಂತದಲ್ಲೂ ಚಿತ್ರ ಸ್ವಲ್ಪ ಸ್ವಲ್ಪವೇ ಮಸುಕಾಗುತ್ತಿತ್ತು. ಕಂಪ್ಯೂಟರ್ ಚಿತ್ರ ಟಿವಿಯಲ್ಲಿ ಸ್ವಚ್ಛವಾದ ಚರಿತ್ರೆಯೆಂದರೆ ಈ ಹಂತಗಳನ್ನು ಒಂದೊಂದಾಗಿ ಕಿತ್ತುಹಾಕಿದ ಚರಿತ್ರೆ. ಪರದೆಗೆ ಹೊಸದಾಗಿ ಏನನ್ನೋ ಸೇರಿಸಿದ್ದರಿಂದ ಸಿಕ್ಕ ಸ್ಪಷ್ಟತೆ ಅದರಲ್ಲಿ ಕಡಿಮೆಯೇ.

ಇದಕ್ಕೂ ಮೊದಲು, 1977ರಲ್ಲಿ, ಅಮೆರಿಕದ ಸ್ಟೀವ್ ವೋಜ್ನಿಯಾಕ್ ರೂಪಿಸಿದ ‘ಆಪಲ್ 2’ ಇದೇ ಮಿತಿಯೊಳಗೆ ಬದುಕಲು ಕಲಿತಿತ್ತು. ಸಾಲಿಗೆ 40 ಅಕ್ಷರಗಳಿಗಿಂತ ಹೆಚ್ಚು ತುಂಬಿದರೆ ಮನೆಯ ಟಿವಿಯಲ್ಲಿ ಓದಲಾಗುತ್ತಿರಲಿಲ್ಲ, ಹಾಗಾಗಿ 40ಕ್ಕೇ ನಿಲ್ಲಿಸಿದರು. ವೋಜ್ನಿಯಾಕ್ ಮಾಡಿದ ಬಣ್ಣದ ಉಪಾಯ ಮಾತ್ರ ಅಪೂರ್ವವಾದದ್ದು. ಚುಕ್ಕಿಗಳನ್ನು ಅಮೆರಿಕದ ಟಿವಿಯ ಬಣ್ಣದ ಆವರ್ತನಕ್ಕೆ ಸರಿಹೊಂದುವಂತೆ ಕಳಿಸಿದರೆ, ಟಿವಿ ಆ ಚುಕ್ಕಿಗಳನ್ನೇ ಬಣ್ಣವೆಂದು ಭಾವಿಸುತ್ತಿತ್ತು. ಚಿತ್ರವನ್ನು ಮಸುಕುಗೊಳಿಸುತ್ತಿದ್ದ ದೋಷವೇ ಬಣ್ಣವನ್ನೂ ಕೊಟ್ಟಿತು, ಅದೂ ಹೆಚ್ಚಿನ ಖರ್ಚಿಲ್ಲದೆ. ಬಣ್ಣವನ್ನು ಬೇರೆ ರೀತಿ ಕಳಿಸುವ ಪಾಲ್ ಪದ್ಧತಿಯ ಯುರೋಪಿನ ಟಿವಿಗಳಲ್ಲಿ ಈ ಉಪಾಯ ನಡೆಯಲಿಲ್ಲ. ಅಲ್ಲಿ ಬಣ್ಣಕ್ಕೆ ಬೇರೆ ಕಾರ್ಡೇ ಬೇಕಾಯಿತು.

ಭಾರತದ ಟಿವಿಯೂ ಪಾಲ್ ಪದ್ಧತಿಯದೇ. 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ, ದೂರದರ್ಶನಕ್ಕೆ ಬಣ್ಣ ಬಂತು. ಎರಡು ವರ್ಷದ ಬಳಿಕ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆ ದೇಶದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ತಲುಪಿಸಿತು. ಅವುಗಳ ಹಿಂಬದಿಯಲ್ಲೂ ಟಿವಿಗೆ ಜೋಡಿಸುವ ತೂತು ಇತ್ತು. ಅಕ್ಷರಕ್ಕೆ 8×8 ಚುಕ್ಕಿಗಳ ಚೌಕ ಸಿಗುತ್ತಿದ್ದ ಕಾಲ ಅದು. ಅಷ್ಟರಲ್ಲಿ ಇಂಗ್ಲಿಷಿನ ‘ಎ’ ನೆಮ್ಮದಿಯಾಗಿ ಕೂರುತ್ತದೆ. ಕನ್ನಡದ ‘ಸ್ತ್ರೀ’ಯನ್ನು ಒತ್ತು, ದೀರ್ಘಗಳ ಸಮೇತ ಕೂರಿಸಲು ಹೊರಟರೆ ಜಾಗವೇ ಸಾಲದು. ನಮ್ಮ ಲಿಪಿಗಳನ್ನು ಚುಕ್ಕಿಗಳ ಬಡತನ ಇಂಗ್ಲಿಷಿಗಿಂತ ಹೆಚ್ಚು ಬಾಧಿಸಿತು ಎಂಬುದನ್ನು ಮರೆಯಬಾರದು.

1987ರಲ್ಲಿ ಐಬಿಎಂ ‘ವಿಜಿಎ’ ಎಂಬ ಮಾನಿಟರ್ ಚಿತ್ರಪದ್ಧತಿ ತಂದಾಗ ಕಂಪ್ಯೂಟರ್ ಟಿವಿಯ ಸಹವಾಸ ಬಿಟ್ಟು ತನ್ನ ದಾರಿ ಹಿಡಿಯಿತು. ಮಾನಿಟರ್ ಇಡೀ ಚಿತ್ರವನ್ನು ಮೇಲಿನಿಂದ ಕೆಳಗೆ ಒಂದೇ ಸಲಕ್ಕೆ ಬರೆಯುತ್ತಿತ್ತು. ಟಿವಿ ಮೊದಲು ಬೆಸ ಸಾಲುಗಳನ್ನು, ಆಮೇಲೆ ಸಮ ಸಾಲುಗಳನ್ನು ಬರೆಯುತ್ತಿತ್ತು. ಕ್ರಿಕೆಟ್ ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಕಂಪ್ಯೂಟರಿನ ಕಿಟಕಿಯ ಅಂಚಿನ ತೆಳು ಗೆರೆ ಅರ್ಧ ಕಾಲ ಇರುತ್ತದೆ, ಅರ್ಧ ಕಾಲ ಇರುವುದಿಲ್ಲ, ಎಡೆಬಿಡದೆ ಕಂಪಿಸುತ್ತದೆ. 1990ರ ದಶಕದ ಟಿವಿ-ಔಟ್ ಕಾರ್ಡುಗಳು ಕಂಪನ ಅಡಗಿಸಲು ಅಕ್ಕಪಕ್ಕದ ಸಾಲುಗಳನ್ನು ಬೆರೆಸುತ್ತಿದ್ದವು. ಕಂಪನ ಹೋಗುತ್ತಿತ್ತು, ಅದರ ಜೊತೆಗೆ ಸ್ಪಷ್ಟತೆಯೂ.

ಈ ಭೇದವೇ ಅಮೆರಿಕದ ಹೈ-ಡೆಫಿನಿಷನ್ ಟಿವಿಯ ಹುಟ್ಟಿನಲ್ಲಿ ದೊಡ್ಡ ಜಗಳವಾಗಿ ಸಿಡಿಯಿತು. 1996ರಲ್ಲಿ ಡಿಜಿಟಲ್ ಪ್ರಸಾರದ ಮಾನದಂಡ ಅಂತಿಮಗೊಳ್ಳುವ ಹೊತ್ತಿಗೆ ಮೈಕ್ರೋಸಾಫ್ಟ್, ಆಪಲ್, ಕಾಂಪ್ಯಾಕ್ ಮುಂತಾದ ಕಂಪ್ಯೂಟರ್ ಕಂಪನಿಗಳು ಪಟ್ಟು ಹಿಡಿದವು: ಸಾಲು ಬಿಟ್ಟು ಸಾಲು ಬರೆಯುವ ಹಳೆಯ ಕ್ರಮ ಹೊಸ ಟಿವಿಯಲ್ಲಿ ಇರಕೂಡದು. ಪ್ರಸಾರಕರೂ ಟಿವಿ ತಯಾರಕರೂ ಅದನ್ನು ಬಿಡಲೊಲ್ಲರು. ಕೊನೆಗೆ ಆದ ರಾಜಿಯಲ್ಲಿ, ಯಾವ ಯಾವ ಚಿತ್ರರೂಪ ಬಳಸಬೇಕೆಂಬ ಪಟ್ಟಿಯನ್ನೇ ಸರ್ಕಾರಿ ನಿಯಮದಿಂದ ಕೈಬಿಟ್ಟರು. ಆ ಡಿಸೆಂಬರಿನಲ್ಲಿ ಅಮೆರಿಕದ ಸಂಪರ್ಕ ಆಯೋಗ ಮಾನದಂಡಕ್ಕೆ ಒಪ್ಪಿಗೆ ಕೊಟ್ಟಿತು. ಇಡೀ ಚಿತ್ರವನ್ನು ಒಂದೇ ಸಲಕ್ಕೆ ಬರೆಯುವ 720ಪಿ, ಸಾಲು ಬಿಟ್ಟು ಸಾಲು ಬರೆಯುವ 1080ಐ ಎರಡೂ ಉಳಿದುಕೊಂಡವು. ಕಂಪ್ಯೂಟರ್ ಪಾಳಯದ ವಾದವೇ ಸರಿಯಾಗಿತ್ತು ಎಂಬುದಕ್ಕೆ ಚಪ್ಪಟೆ ಪರದೆಗಳೇ ಸಾಕ್ಷಿ: ಎಲ್‌ಸಿಡಿ ಪರದೆಗೆ ಅರ್ಧ ಚಿತ್ರ ತೋರಿಸುವ ಸ್ವಭಾವವೇ ಇಲ್ಲ, 1080ಐ ಬಂದರೆ ಎರಡು ಅರ್ಧಗಳನ್ನು ಹೊಲಿದೇ ತೋರಿಸಬೇಕು.

ಕಂಪ್ಯೂಟರ್ ಚಿತ್ರ ಟಿವಿಗೆ ಸ್ವಚ್ಛವಾಗಿ ತಲುಪುವ ದಾರಿ ತೆರೆದದ್ದು ಡಿಜಿಟಲ್ ಕೇಬಲ್. 1999ರಲ್ಲಿ ಕಂಪ್ಯೂಟರ್ ಮಾನಿಟರುಗಳಿಗೆಂದು ಡಿವಿಐ ಬಂತು. ಅದೇ ಸಂಕೇತ ವಿಧಾನಕ್ಕೆ ಧ್ವನಿಯನ್ನೂ ಸೇರಿಸಿ, ಹಿಟಾಚಿ, ಸೋನಿ, ಫಿಲಿಪ್ಸ್, ತೋಷಿಬಾ ಸೇರಿದಂತೆ ಏಳು ಕಂಪನಿಗಳು 2002ರ ಡಿಸೆಂಬರಿನಲ್ಲಿ ಎಚ್‌ಡಿಎಂಐ ಹೊರತಂದವು. ಕಂಪ್ಯೂಟರಿನ ಒಂದು ಚುಕ್ಕಿ ಪರದೆಯ ಒಂದು ಚುಕ್ಕಿಯಾಗಿಯೇ ತಲುಪುವ ಕಾಲ ಬಂದಂತಾಯಿತು.

ಆದರೂ ಮೊದಲ ಸಲ ಜೋಡಿಸಿದವರಿಗೆ ವಿಂಡೋಸ್‌ನ ಟಾಸ್ಕ್‌ಬಾರ್ ಅರ್ಧ ಕಾಣೆಯಾಗಿರುತ್ತಿತ್ತು. ಇದು ಗಾಜಿನ ಕೊಳವೆಯ ಕಾಲದ ಪಳೆಯುಳಿಕೆ. ಹಳೆಯ ಟಿವಿಗಳಲ್ಲಿ ಚಿತ್ರದ ಅಳತೆ ಸ್ಥಿರವಾಗಿರುತ್ತಿರಲಿಲ್ಲ, ಅದಕ್ಕೇ ಅಂಚುಗಳನ್ನು ಚೌಕಟ್ಟಿನಾಚೆಗೆ ಅಡಗಿಸುತ್ತಿದ್ದರು. ಈ ಓವರ್‌ಸ್ಕ್ಯಾನ್ ರೂಢಿ ಎಲ್‌ಸಿಡಿಗೂ ಹಾಗೇ ಹರಿದು ಬಂತು. 1920×1080 ಚುಕ್ಕಿಗಳ ಚಿತ್ರದ ಅಂಚು ಕತ್ತರಿಸಿ, ಉಳಿದದ್ದನ್ನು ಮತ್ತೆ ಅಷ್ಟೇ ಚುಕ್ಕಿಗಳಿಗೆ ಎಳೆದಾಗ ಅಕ್ಷರಗಳ ಸುತ್ತ ಮಂಜು ಕವಿಯುತ್ತಿತ್ತು. ಪರಿಹಾರ ಮೆನುವಿನ ಆಳದಲ್ಲಿತ್ತು: ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’, ಶಾರ್ಪ್‌ನಲ್ಲಿ ‘ಡಾಟ್ ಬೈ ಡಾಟ್’. ಬಣ್ಣದ್ದೂ ಇದೇ ಕಥೆ. ಸಿನಿಮಾಕ್ಕೆ ಬೆಳಕಿನಷ್ಟು ಸೂಕ್ಷ್ಮವಾಗಿ ಬಣ್ಣ ಬೇಕಿಲ್ಲವೆಂದು ಟಿವಿ ಅದನ್ನು ಕಡಿತ ಮಾಡುತ್ತದೆ. ಕಪ್ಪಿನ ಮೇಲಿನ ಕೆಂಪು ಅಕ್ಷರ ಆಗ ಕದಡಿ ಕಾಣುತ್ತದೆ. ಹಲವು ಟಿವಿಗಳಲ್ಲಿ ಆ ಇನ್‌ಪುಟ್ಟಿಗೆ ‘ಪಿಸಿ’ ಎಂದು ಹೆಸರಿಟ್ಟರೆ ಕಡಿತ ನಿಲ್ಲುತ್ತದೆ.

2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಮತ್ತೆ ಪರದೆಯಿಲ್ಲದ ಅಗ್ಗದ ಕಂಪ್ಯೂಟರ್, ಮಕ್ಕಳು ಮನೆಯ ಟಿವಿಗೇ ಜೋಡಿಸಿ ಕಲಿಯಲೆಂದು ಮಾಡಿದ್ದು. ಅದರಲ್ಲಿ ಎಚ್‌ಡಿಎಂಐ ಜೊತೆಗೆ ಬಣ್ಣ, ಬೆಳಕು ಬೆರೆಸಿ ಕಳಿಸುವ ಹಳೆಯ ಕಾಂಪೊಸಿಟ್ ತೂತನ್ನೂ ಕೊಟ್ಟಿದ್ದರು. ಟಿವಿ ಅಂಚು ನುಂಗುತ್ತದೆಂದು ಎಣಿಸಿ ಅದರ ತಂತ್ರಾಂಶ ಚಿತ್ರದ ಸುತ್ತ ಕಪ್ಪು ಅಂಚು ಬಿಡುತ್ತಿತ್ತು. ಪೂರ್ತಿ ಪರದೆ ತುಂಬಬೇಕೆಂದರೆ ಸೆಟ್ಟಿಂಗ್ಸ್ ಕಡತ ತೆರೆದು, ಓವರ್‌ಸ್ಕ್ಯಾನ್ ಬೇಡವೆನ್ನುವ ಸಾಲಿನ ಮುಂದಿದ್ದ ಒಂದು ಹ್ಯಾಷ್ ಚಿಹ್ನೆಯನ್ನು ಅಳಿಸಬೇಕಿತ್ತು.