ಬಂಡೆಯ ಮೇಲಿನ ಚಪಡ

ಕಲ್ಲುಕುಟಿಗರ ಮನೆತನದ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವುದು ಹೆಸರುಗಳ ಅಭಾವ. ಕಟ್ಟಿಸಿದ ದೊರೆಯ ಹೆಸರು ಶಾಸನದಲ್ಲಿರುತ್ತದೆ; ದುಡಿದವನದು ಸಾಮಾನ್ಯವಾಗಿ ಇರುವುದಿಲ್ಲ. ಇದಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಒಂದು ಅರೆ ಅಪವಾದವುಂಟು.

ಚಳ್ಳಕೆರೆಯ ಉತ್ತರಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಕ್ರಿ.ಪೂ. 3ನೆಯ ಶತಮಾನದ ಇವುಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಯಿದು: ತಾಯ್ತಂದೆಗಳ ಮಾತನ್ನು ಪಾಲಿಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಯಥೋಚಿತವಾಗಿ ನಡೆದುಕೊಳ್ಳಬೇಕು.

ಬ್ರಹ್ಮಗಿರಿಯ ಬಂಡೆಯಲ್ಲಿ ಅರಸನು ಕೇವಲ ‘ದೇವಾನಾಂಪ್ರಿಯ’. ಅಶೋಕನೆಂಬ ಹೆಸರು ಅಲ್ಲಿಲ್ಲ. ಅದು 1915ರಲ್ಲಿ ಮಸ್ಕಿಯ ಶಾಸನದಲ್ಲಿ ದೊರೆಯಿತು. ಆದರೆ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೆ, ‘ಲಿಪಿಕಾರನಿಂದ’ ಎಂಬ ತನ್ನ ವೃತ್ತಿಯ ಪದವೊಂದನ್ನು ಮಾತ್ರ ಆತನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ, ಎಂದರೆ ಇಂದಿನ ಪಾಕಿಸ್ತಾನದ ವಾಯವ್ಯ ಸೀಮೆಯ ಲಿಪಿ. ಇಸಿಲದಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಚಪಡನು ಆ ಸೀಮೆಯವನೋ, ಅಲ್ಲಿ ವಿದ್ಯೆ ಕಲಿತವನೋ ಆಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ತಾಯ್ತಂದೆಗಳ ಮಾತನ್ನು ಪಾಲಿಸಿರೆಂದು ಬರೆದವನ ತಾಯ್ತಂದೆಗಳು ಯಾರೆಂಬುದು ಬಂಡೆಯಲ್ಲಿಲ್ಲ. ಆ ಅಕ್ಷರಗಳ ಮೇಲೆ ಉಳಿಯಾಡಿಸಿದ ಕೈ ಬೇರೊಬ್ಬನದಾಗಿದ್ದರೆ, ಆ ಕಲ್ಲುಕುಟಿಗನ ಹೆಸರೂ ಇಲ್ಲ.